ಬೀಗ ಹಾಕಿದವರು ಯಾರು, ಕಳ್ಳ ಯಾರು?

1

ಓದಿದವನಿಗೆ ಶಿಕ್ಷೆ ಕೊಟ್ಟ ನಾಡು ನಮ್ಮದು. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾದ ಸೀಸ ಸುರಿಯಬೇಕು ಅಂತ ಧರ್ಮಸೂತ್ರ ಬರೆದಿಟ್ಟುಕೊಂಡ ನಾಡು. ಹೀಗಾಗಿ ಅಮೆರಿಕದಂಥ ಅಮೆರಿಕದಲ್ಲಿ, ಅದೂ 2011ನೇ ಇಸವಿಯಲ್ಲಿ, ವಿದ್ವಾಂಸರ ಲೇಖನಗಳನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡ ಅನ್ನೋ ಕಾರಣಕ್ಕೆ ಒಬ್ಬ ಹುಡುಗನನ್ನು ಸರ್ಕಾರವೇ ಕೋರ್ಟಿಗೆ ಎಳೆಯಿತು, ದಶಕಗಳ ಜೈಲಿನ ಭಯ ಹಾಕಿತು ಅಂದರೆ ನಮಗೆ ಅದು ತೀರಾ ಹೊಸ ಸುದ್ದಿ ಅನ್ನಿಸಬೇಕಿಲ್ಲ. ಎರಡೂ ಒಂದೇ ಅಂತ ಹೇಳಿಬಿಡೋ ಸೋಮಾರಿತನ ನನಗೆ ಬೇಡ. ಒಂದು ಹುಟ್ಟು ನೋಡಿ ಬಾಗಿಲು ಮುಚ್ಚುತ್ತದೆ, ಇನ್ನೊಂದು ಜೇಬು ನೋಡಿ ಮುಚ್ಚುತ್ತದೆ. ಆದರೆ ಹುಟ್ಟಿನಿಂದಲೂ ಜೇಬಿನಿಂದಲೂ ಹೊರಗೆ ಉಳಿದವರಿಗೆ ಈ ಎರಡು ಬಾಗಿಲ ಸಂಬಂಧ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಹುಡುಗನ ಹೆಸರು ಆರನ್ ಸ್ವಾರ್ಟ್ಜ್. 1986ರ ನವೆಂಬರ್ 8ರಂದು ಹುಟ್ಟಿದ. 2013ರ ಜನವರಿ 11ರಂದು, ಕೇಸು ವಿಚಾರಣೆಗೆ ಬರುವ ಮೊದಲೇ, ನ್ಯೂಯಾರ್ಕಿನಲ್ಲಿ ತನ್ನ ಜೀವ ತಾನೇ ಕಳೆದುಕೊಂಡ. ಇಪ್ಪತ್ತಾರು ವರ್ಷ ವಯಸ್ಸು. ಅವನ ಬದುಕಿನ ಬಗ್ಗೆ ಬ್ರಯಾನ್ ನ್ಯಾಪೆನ್‌ಬರ್ಗರ್ ಅನ್ನುವ ನಿರ್ದೇಶಕ ತೆಗೆದ ಸಾಕ್ಷ್ಯಚಿತ್ರ 'ದಿ ಇಂಟರ್‌ನೆಟ್ಸ್ ಓನ್ ಬಾಯ್'. 2014ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು, ಅದೇ ಜೂನಿನಲ್ಲಿ ಬಿಡುಗಡೆ ಆಯಿತು. 105 ನಿಮಿಷದ ಚಿತ್ರ. ದುಡ್ಡಿನ ಒಂದು ಪಾಲು ಕಿಕ್‌ಸ್ಟಾರ್ಟರ್ ಅನ್ನುವ ಕಡೆ ಸಾಮಾನ್ಯ ಜನ ಹಾಕಿದ ವಂತಿಗೆಯಿಂದ ಬಂತು.

ಚಿತ್ರ ಬಂದು ಹತ್ತು ವರ್ಷದ ಮೇಲಾಯಿತು. ನಮ್ಮ ಸಿನಿಮಾ ಪುಟಗಳಿಗೆ ಇಂಥದ್ದು ಬೇಕಿಲ್ಲ. ಅಲ್ಲಿ ನಾಯಕನ ಹುಟ್ಟುಹಬ್ಬ, ಕಟೌಟಿಗೆ ಹಾಲು, ಮೊದಲ ವಾರದ ಗಳಿಕೆ. ಅದರಾಚೆಗೆ ಇನ್ನೊಂದು ಗುಂಪಿದೆ. ಅದು ಚಿತ್ರೋತ್ಸವದ ಪಾಸು ನೇತು ಹಾಕಿಕೊಂಡು ಇರಾನು, ಕೊರಿಯಾ ಅಂತ ತಿರುಗುತ್ತೆ. ಅವರಿಗೆ ಇದು 'ಕಲೆ' ಅಲ್ಲ, ಬರೀ ಮಾಹಿತಿ. ಈ ಎರಡು ಗುಂಪಿನ ನಡುವೆ ಬಿದ್ದುಹೋದ ಚಿತ್ರ ಇದು. ಆದರೆ ಈ ಪತ್ರಿಕೆ ಓದುವ ನಮ್ಮಂಥವರಿಗೆ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ, ಇದು ತೀರಾ ಹತ್ತಿರದ ಚಿತ್ರ. ಯಾಕೆ ಅನ್ನೋದನ್ನ ಮುಂದೆ ಹೇಳುತ್ತೇನೆ. ಇದರ ಕೊರತೆಗಳನ್ನೂ ಮುಚ್ಚಿಡುವುದಿಲ್ಲ.

2

ಮೊದಲು ಕಥೆ ಏನು ಅಂತ ನೋಡೋಣ.

ಆರನ್ ಶಿಕಾಗೋ ಹತ್ತಿರದ ಅನುಕೂಲಸ್ಥರ ಮನೆ ಹುಡುಗ. ಹದಿನಾಲ್ಕನೇ ವಯಸ್ಸಿಗೇ ಆರ್‌.ಎಸ್‌.ಎಸ್‌. ಅನ್ನುವ ತಂತ್ರ ರೂಪಿಸಿದವರ ಗುಂಪಿನಲ್ಲಿ ಒಬ್ಬನಾಗಿದ್ದ. (ನಮ್ಮೂರಿನ ಚಡ್ಡಿಯವರ ಆರೆಸ್ಸೆಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಸುದ್ದಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಿಸುವ ಕಂಪ್ಯೂಟರ್ ಏರ್ಪಾಡು.) ರೆಡ್ಡಿಟ್ ಅನ್ನುವ ಕಂಪನಿ ಕಟ್ಟಿದವರಲ್ಲಿ ಅವನೂ ಸೇರಿಕೊಂಡ. 2006ರಲ್ಲಿ ಅದು ಮಾರಾಟವಾದಾಗ ಕೈಗೆ ದುಡ್ಡು ಬಂತು. ದುಡ್ಡು ಬಂದವರು ಸಾಮಾನ್ಯವಾಗಿ ಇನ್ನೊಂದು ಕಂಪನಿ ಕಟ್ಟುತ್ತಾರೆ. ಇವನು ಹಾಗೆ ಮಾಡಲಿಲ್ಲ. ಜನರ ದುಡ್ಡಿನಿಂದ ಹುಟ್ಟಿದ ತಿಳಿವಳಿಕೆಗೆ ಬೇಲಿ ಹಾಕಿದವರು ಯಾರು ಅಂತ ಕೇಳೋಕೆ ಶುರು ಮಾಡಿದ.

ಅಮೆರಿಕದ ಕೇಂದ್ರ ನ್ಯಾಯಾಲಯಗಳ ಕಡತಗಳನ್ನು 'ಪೇಸರ್' ಅನ್ನುವ ವ್ಯವಸ್ಥೆಯಲ್ಲಿ ಇಟ್ಟಿರುತ್ತಾರೆ. ಅವು ಸರ್ಕಾರಿ ಕಡತ, ಅವಕ್ಕೆ ಕಾಪಿರೈಟೇ ಇಲ್ಲ. ಆದರೂ ಆಗ ಒಂದು ಪುಟಕ್ಕೆ 8 ಸೆಂಟು ಕೊಡಬೇಕಿತ್ತು. ಕಾನೂನು ಗೊತ್ತಿಲ್ಲ ಅನ್ನುವುದು ನೆಪ ಆಗಲಾರದು ಅಂತ ಬಡವನಿಗೆ ಹೇಳುವ ಕೋರ್ಟು, ಆ ಕಾನೂನನ್ನು ಓದೋಕೆ ಅವನಿಂದಲೇ ಕಾಸು ಕೇಳುತ್ತದೆ! 2008ರಲ್ಲಿ ಕೆಲವು ಗ್ರಂಥಾಲಯಗಳಲ್ಲಿ ಪ್ರಯೋಗಕ್ಕೆಂದು ಇದನ್ನು ಪುಕ್ಕಟೆ ಬಿಟ್ಟಿದ್ದರು. ಕಾರ್ಲ್ ಮಾಲಮುಡ್ ಅನ್ನುವವರು ಆ ಅವಕಾಶ ಬಳಸಿಕೊಳ್ಳಿ ಅಂತ ಕರೆ ಕೊಟ್ಟರು. ಆರನ್ ಒಂದು ಸಣ್ಣ ಪ್ರೋಗ್ರಾಂ ಬರೆದು ಸುಮಾರು 2 ಕೋಟಿ ಪುಟ ಇಳಿಸಿದ. ಎಫ್‌.ಬಿ.ಐ. ಅವನ ಬೆನ್ನು ಹತ್ತಿತು, ವಿಚಾರಿಸಿತು, ಅಪರಾಧ ಏನೂ ಕಾಣದೆ ಕೈಬಿಟ್ಟಿತು.

ಆಮೇಲೆ ಜೆಸ್ಟೋರ್. ಇದು ಹಳೆಯ ವಿದ್ವತ್ ಪತ್ರಿಕೆಗಳ ದೊಡ್ಡ ಉಗ್ರಾಣ. ಲಾಭಕ್ಕಾಗಿ ಇರುವ ಸಂಸ್ಥೆಯಲ್ಲ, ಆದರೂ ಬಾಗಿಲಿಗೆ ಬೀಗ ಇದೆ. ಆಗ ಬಹುಪಾಲು, ವಿಶ್ವವಿದ್ಯಾಲಯ ವರ್ಷ ವರ್ಷ ಚಂದಾ ಕಟ್ಟಿದರೆ ಅದರ ಒಳಗಿರುವವರಿಗೆ ಓದು ಸಿಗುತ್ತಿತ್ತು. 2010ರ ಸೆಪ್ಟೆಂಬರಿನಿಂದ 2011ರ ಜನವರಿವರೆಗೆ ಆರನ್ ಎಂ.ಐ.ಟಿ. ಅನ್ನುವ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯದ ಜಾಲಕ್ಕೆ ಲ್ಯಾಪ್‌ಟಾಪ್ ಜೋಡಿಸಿ ಸುಮಾರು 48 ಲಕ್ಷ ಲೇಖನ, ಬರಹಗಳನ್ನು ಇಳಿಸಿಕೊಂಡ. ಕೊನೆಕೊನೆಗೆ ಆ ಲ್ಯಾಪ್‌ಟಾಪನ್ನು ತಂತಿಗಳನ್ನೆಲ್ಲ ಕೂಡಿಸುವ ಒಂದು ಸಣ್ಣ ಗೂಡಿನಂಥ ಕೋಣೆಯಲ್ಲಿ ಬಚ್ಚಿಟ್ಟಿದ್ದ. ಅಲ್ಲಿ ಕ್ಯಾಮೆರಾ ಇಟ್ಟು, 2011ರ ಜನವರಿ 6ರಂದು ಅವನನ್ನು ಹಿಡಿದರು.

ಇಳಿಸಿಕೊಂಡದ್ದನ್ನು ಅವನು ವಾಪಸು ಕೊಟ್ಟ. ಜೆಸ್ಟೋರ್ ನಮಗೆ ಈ ಕೇಸು ಬೇಡ ಅಂತು. 'ಸೊತ್ತಿನ ಯಜಮಾನ' ಬೇಡ ಅಂದ ಮೇಲೂ ಸರ್ಕಾರ ಬಿಡಲಿಲ್ಲ. ಕಂಪ್ಯೂಟರಿನಿಂದ ಕದ್ದರೂ ಹಾರೆಯಿಂದ ಮೀಟಿ ಕದ್ದರೂ ಕಳವು ಕಳವೇ ಅನ್ನುವುದು ಸರ್ಕಾರಿ ವಕೀಲರ ವಾದ. 1986ರ ಒಂದು ಕಾನೂನು, ಅಂದರೆ ಆರನ್ ಹುಟ್ಟಿದ ವರ್ಷವೇ ಬಂದ ಕಾನೂನು, ಅವನ ಕುತ್ತಿಗೆಗೆ ಬಿತ್ತು. 2011ರ ಜುಲೈನಲ್ಲಿ 4 ಆರೋಪ, 2012ರ ಸೆಪ್ಟೆಂಬರಿಗೆ ಅದು 13 ಆಯಿತು. ಎಲ್ಲ ಕೂಡಿಸಿದರೆ ಗರಿಷ್ಠ 50 ವರ್ಷ ಜೈಲು. ತಪ್ಪು ಒಪ್ಪಿಕೋ, ಆರು ತಿಂಗಳಿಗೆ ಮುಗಿಸೋಣ ಅಂದರು. ಹದಿಮೂರೂ ಆರೋಪ ಒಪ್ಪಿಕೊಂಡು ಜೀವನಪೂರ್ತಿ ಅಪರಾಧಿ ಅನ್ನಿಸಿಕೊಳ್ಳಬೇಕು. ಅವನು ಒಪ್ಪಲಿಲ್ಲ.

3

ಚಿತ್ರ ಇದನ್ನೆಲ್ಲ ಹೇಗೆ ಹೇಳುತ್ತೆ?

ಇದರಲ್ಲಿ ಎರಡು ಕ್ಯಾಮೆರಾಗಳಿವೆ. ಒಂದು ಮನೆಯವರದು. ಪುಟ್ಟ ಹುಡುಗ ಪುಸ್ತಕ ಹಿಡಿದು ಓದಿ ಹೇಳುತ್ತಾನೆ, ತಮ್ಮಂದಿರ ಜೊತೆ ಆಡುತ್ತಾನೆ. ಮಕ್ಕಳ ಆಟವನ್ನು ಕ್ಯಾಮೆರಾದಲ್ಲಿ ಹಿಡಿದಿಡುವಷ್ಟು ಇದ್ದ ಮನೆ. ಇನ್ನೊಂದು ಕ್ಯಾಮೆರಾ ಆ ತಂತಿ ಗೂಡಿನ ಒಳಗೆ ಬಚ್ಚಿಟ್ಟದ್ದು. ಅದೇ ಹುಡುಗ, ಈಗ ದೊಡ್ಡವನು, ಒಳಗೆ ಬರುತ್ತಾನೆ, ಬಗ್ಗುತ್ತಾನೆ, ಲ್ಯಾಪ್‌ಟಾಪಿನಲ್ಲಿ ಏನೋ ಬದಲಾಯಿಸುತ್ತಾನೆ, ಹೋಗುವಾಗ ಸೈಕಲ್ ಹೆಲ್ಮೆಟ್ಟಿನಿಂದ ಮುಖ ಮರೆ ಮಾಡಿಕೊಳ್ಳುತ್ತಾನೆ. ಮೊದಲ ಕ್ಯಾಮೆರಾಕ್ಕೆ ಅವನು ಮಗ, ಎರಡನೆಯದಕ್ಕೆ ಕಳ್ಳ. ಮಾಡುತ್ತಿರುವ ಕೆಲಸ ಎರಡರಲ್ಲೂ ಒಂದೇ, ಓದು. ನಿರ್ದೇಶಕ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನೋಡುವವನ ಎದೆಗೆ ಅದು ತಾನೇ ಇಳಿಯುತ್ತದೆ. ಈ ಚಿತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಇದು.

ಇನ್ನೊಂದು ಕಡೆ ನನ್ನಂಥ ಬರೆಯುವವನ ಬೆನ್ನುಹುರಿ ತಣ್ಣಗಾಗುತ್ತದೆ. 2008ರಲ್ಲಿ ಆರನ್ ಒಂದು ಪ್ರಣಾಳಿಕೆ ಬರೆದಿದ್ದ. ತಿಳಿವಳಿಕೆ ಕೆಲವರ ಆಸ್ತಿಯಾಗಬಾರದು, ಒಳಗಿರುವವರು ಹೊರಗಿರುವವರಿಗೆ ಅದನ್ನು ಹಂಚಬೇಕು ಅನ್ನುವುದು ಅದರ ತಾತ್ಪರ್ಯ. ತನಿಖೆಯವರು ಅವನ ಗೆಳತಿ, ಪತ್ರಕರ್ತೆ ಕ್ವಿನ್ ನಾರ್ಟನ್ ಅವರನ್ನು ವಿಚಾರಿಸುವಾಗ ಮಾತಿನಲ್ಲಿ ಈ ಬರಹದ ವಿಷಯ ಬಂತು. ಅಲ್ಲಿಂದ ಮುಂದೆ ಆ ಬರಹವೇ ಅವನ ಉದ್ದೇಶಕ್ಕೆ ಸಾಕ್ಷಿ ಅಂತ ವಕೀಲರು ಹಿಡಿದುಕೊಂಡರು. ಆಕೆ ಆ ದಿನವನ್ನು ನೆನೆದು ಮಾತಾಡುವ ಭಾಗ ನೋಡೋಕೆ ಕಷ್ಟ. ಬರೆದದ್ದನ್ನೇ ಬರೆದವನ ಮೇಲೆ ತಿರುಗಿಸುವ ಈ ವಿದ್ಯೆ ಯಾವ ದೇಶದ ಪ್ರಭುತ್ವಕ್ಕೂ ಕಲಿಸಬೇಕಾಗಿಲ್ಲ.

ಎಂ.ಐ.ಟಿ.ಯ ಪಾತ್ರವನ್ನೂ ಚಿತ್ರ ಸರಿಯಾಗಿ ಹಿಡಿದಿದೆ. ಆ ಸಂಸ್ಥೆ ಆರನ್ ಪರವೂ ನಿಲ್ಲಲಿಲ್ಲ, ವಿರುದ್ಧವೂ ಇಲ್ಲ ಅಂತು. 'ತಟಸ್ಥ'. ಈ ಮಾತು ನಮಗೆ ಚೆನ್ನಾಗಿ ಗೊತ್ತು. ಊರ ಗೌಡ ಒಬ್ಬನನ್ನು ಹೊಡೆಯುವಾಗ ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳೋ ಮೇಷ್ಟ್ರ ತಟಸ್ಥತೆ ಇದು. ಬಲ ಇರುವವನ ಕೈಯಲ್ಲಿ ದೊಣ್ಣೆ ಇರುವಾಗ ತಟಸ್ಥ ಅಂದರೆ ಏನರ್ಥ?

ಹಾಗಂತ ಚಿತ್ರದಲ್ಲಿ ಬರೀ ಸೋಲೇ ಇಲ್ಲ. 2011ರ ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತಿಗೆ 'ಸೋಪಾ' ಅನ್ನುವ ಮಸೂದೆ ಬಂತು. ಕಳ್ಳ ನಕಲು ತಡೆಯುವ ಹೆಸರಿನಲ್ಲಿ ಜಾಲತಾಣಗಳನ್ನೇ ಮುಚ್ಚಿಸುವ ಅಧಿಕಾರ ಕೊಡುವ ಮಸೂದೆ. ಸಿನಿಮಾ ಕಂಪನಿಗಳು, ಸಂಗೀತ ಕಂಪನಿಗಳು ಅದರ ಬೆನ್ನಿಗಿದ್ದವು. ತನ್ನ ಮೇಲೆ ಕೇಸು ತೂಗುತ್ತಿದ್ದಾಗಲೇ ಆರನ್ ಇದರ ವಿರುದ್ಧ ಜನರನ್ನು ಕೂಡಿಸಿದ. 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯಾ ಸೇರಿ ಸಾವಿರಾರು ತಾಣಗಳು ಒಂದು ದಿನ ಬಾಗಿಲು ಹಾಕಿಕೊಂಡು ಪ್ರತಿಭಟಿಸಿದವು. ಮಸೂದೆ ಬಿತ್ತು. ದುಡ್ಡಿನ ಎದುರು ಜನ ಗೆದ್ದ ಅಪರೂಪದ ಪ್ರಸಂಗ. ಆ ಸಭೆಯಲ್ಲಿ ಮೈಕು ಹಿಡಿದು ನಿಂತ ಆರನ್ ಮುಖ ನೋಡಬೇಕು, ಹಬ್ಬದ ಕಳೆ.

4

ಈಗ ತಕರಾರಿಗೆ ಬರುತ್ತೇನೆ.

ಈ ಚಿತ್ರ ಆರನ್‌ನನ್ನು ಅದ್ಭುತ ಬಾಲಕ ಮಾಡಿಬಿಡುತ್ತದೆ. ಮೂರು ವರ್ಷಕ್ಕೆ ಓದಿದ, ಹದಿನಾಲ್ಕಕ್ಕೆ ದೊಡ್ಡವರ ಜೊತೆ ಕೂತ. ಬಂದವರೆಲ್ಲ ಅವನ ಪ್ರತಿಭೆಯನ್ನೇ ಹೊಗಳುತ್ತಾರೆ, ಹಿಂದಿನಿಂದ ಸಂಗೀತ ಕಣ್ಣೀರು ತರಿಸುತ್ತದೆ. ಹೀಗಾದಾಗ ಒಂದು ಮೋಸ ನಡೆಯುತ್ತೆ. 'ಅಯ್ಯೋ, ಎಂಥಾ ಪ್ರತಿಭೆ ಹೋಯಿತಲ್ಲ' ಅಂತ ನಾವು ಮರುಗಿ ಎದ್ದು ಹೋಗುತ್ತೇವೆ. ಅವನು ದಡ್ಡನಾಗಿದ್ದರೆ? ಮೂರನೇ ದರ್ಜೆಯಲ್ಲಿ ಪಾಸಾದವನಾಗಿದ್ದರೆ? ಆಗ 50 ವರ್ಷ ಜೈಲು ನ್ಯಾಯವಾಗಿಬಿಡುತ್ತಿತ್ತೆ? ಪ್ರತಿಭೆ ಇದ್ದವನಿಗೆ ಮಾತ್ರ ಕ್ಷಮೆ ಕೇಳುವುದು ಕೂಡ ಅಗ್ರಹಾರದ ಬುದ್ಧಿಯೇ. ಓದುವ ಹಕ್ಕು ಜಾಣರಿಗೆ ಕೊಡುವ ಬಹುಮಾನ ಅಲ್ಲ. ದಡ್ಡನಿಗೂ ಅದು ಇರಬೇಕು. ದಡ್ಡ ಅನ್ನಿಸಿಕೊಂಡವನಿಗೆ ಅದು ಮೊದಲು ಇರಬೇಕು.

ಇದೇ ದೌರ್ಬಲ್ಯ ಚಿತ್ರದ ಕೊನೆಯಲ್ಲಿ ಎದ್ದು ಕಾಣುತ್ತದೆ. ಜ್ಯಾಕ್ ಆಂಡ್ರಾಕಾ ಅನ್ನುವ ಹೈಸ್ಕೂಲು ಹುಡುಗನನ್ನು ತಂದು ನಿಲ್ಲಿಸುತ್ತಾರೆ. ಜಾಲದಲ್ಲಿ ಸಿಕ್ಕ ಲೇಖನ ಓದಿ ಕ್ಯಾನ್ಸರ್ ಪತ್ತೆ ಮಾಡುವ ಪರೀಕ್ಷೆ ಕಂಡುಹಿಡಿದ, ನೋಡಿ ಓದು ತೆರೆದಿದ್ದರೆ ಏನೆಲ್ಲ ಆಗುತ್ತೆ ಅಂತ. ಆ ಪರೀಕ್ಷೆಯ ಬಗ್ಗೆ ವಿಜ್ಞಾನಿಗಳು ಗಟ್ಟಿಯಾದ ಅನುಮಾನ ಎತ್ತಿದರು. ಅದು ಆಸ್ಪತ್ರೆಯ ಬಳಕೆಗೆ ಬರಲಿಲ್ಲ. ಇನ್ನೊಬ್ಬ ಬಾಲ ಪ್ರತಿಭೆಯನ್ನು ಸಾಕ್ಷಿಗೆ ಕರೆದದ್ದರಿಂದ ವಾದವೇ ಸಡಿಲ ಆಯಿತು. ಓದಿನಿಂದ ಲಾಭ ಇದೆ ಅಂತ ತೋರಿಸಿದರೆ ಮಾತ್ರ ಬಾಗಿಲು ತೆರೆಯಬೇಕೆ?

ಎರಡನೇ ತಕರಾರು ದುಡಿಮೆಯದು. ಈ ಲೇಖನಗಳನ್ನು ಬರೆದವರು ಯಾರು? ಜನರ ತೆರಿಗೆಯಿಂದ ಸಂಬಳ ತಗೊಳ್ಳುವ ಅಧ್ಯಾಪಕರು, ಸಂಶೋಧಕರು. ತಪ್ಪು ಒಪ್ಪು ನೋಡಿದವರು ಯಾರು? ಅವರಂಥವರೇ ಇನ್ನೊಬ್ಬರು. ಇಬ್ಬರಿಗೂ ಪ್ರಕಾಶಕ ಸಾಮಾನ್ಯವಾಗಿ ಒಂದು ಕಾಸೂ ಕೊಡುವುದಿಲ್ಲ. ಆಮೇಲೆ ಅದೇ ಬರಹವನ್ನು ಅದೇ ವಿಶ್ವವಿದ್ಯಾಲಯಕ್ಕೆ ಮಾರುತ್ತಾನೆ. ಬೆಳೆದವನ ಹತ್ತಿರ ಬಿಟ್ಟಿ ಭತ್ತ ತಗೊಂಡು, ಅಕ್ಕಿ ಮಾಡಿ, ಅವನಿಗೇ ಮಾರಿದ ಹಾಗೆ. ಚಿತ್ರ ಈ ಲೆಕ್ಕವನ್ನು ಮುಟ್ಟಿ ಮುಂದೆ ಹೋಗಿಬಿಡುತ್ತದೆ. ಇಲ್ಲಿ ಇನ್ನೂ ನಿಲ್ಲಬೇಕಿತ್ತು. ಯಾಕೆಂದರೆ ಕಳವಿನ ಪ್ರಶ್ನೆ ಶುರುವಾಗುವುದು ಇಲ್ಲಿ.

ಮೂರನೆಯದು, ಚಿತ್ರದ ಲೋಕ ತೀರ ಅಮೆರಿಕದ ಒಳಗೇ ಮುಗಿಯುತ್ತದೆ. ಆರನ್ ಬಂಧನವಾದ ಅದೇ 2011ರಲ್ಲಿ ಕಜಕಿಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ ಅನ್ನುವ ಯುವತಿ 'ಸೈ-ಹಬ್' ತೆರೆದಳು. ಲೇಖನ ಕೊಳ್ಳೋಕೆ ದುಡ್ಡಿಲ್ಲದ ಸಂಶೋಧಕರಿಗೆ ಅದನ್ನು ಬಿಟ್ಟಿ ಒದಗಿಸುವ ತಾಣ. ಎಲ್ಸೆವಿಯರ್ ಅನ್ನುವ ದೊಡ್ಡ ಪ್ರಕಾಶನ ಸಂಸ್ಥೆ 2015ರಲ್ಲಿ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. 2017ರಲ್ಲಿ ಕೋರ್ಟು 1.5 ಕೋಟಿ ಡಾಲರ್ ಪರಿಹಾರ ಕೊಡು ಅಂತು. ಹೊರಗಿನ ಲೋಕದವರು ಅಮೆರಿಕದ ಒಬ್ಬ ಒಳ್ಳೆಯ ಹುಡುಗ ಬಂದು ಬಾಗಿಲು ತೆರೆಯಲಿ ಅಂತ ಕಾಯುತ್ತ ಕೂತಿಲ್ಲ, ತಾವೇ ಗೋಡೆ ಹಾರಿದ್ದಾರೆ. ಈ ಚಿತ್ರದಿಂದ ಅದು ತಿಳಿಯುವುದಿಲ್ಲ.

5

ಗೋಡೆ ಇರುವುದು ಅಮೆರಿಕದಲ್ಲಿ ಮಾತ್ರ ಅಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿ ರಾಮೇಶ್ವರಿ ಫೋಟೋಕಾಪಿ ಅಂತ ಒಂದು ಸಣ್ಣ ಜೆರಾಕ್ಸ್ ಅಂಗಡಿ. ಪಾಠಕ್ಕೆ ಬೇಕಾದ ಅಧ್ಯಾಯಗಳನ್ನು ಪುಟಕ್ಕೆ 40 ಪೈಸೆಯಂತೆ ಜೆರಾಕ್ಸ್ ಮಾಡಿ, ಹೊಲಿದು ಕೊಡುತ್ತಿದ್ದರು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್, ಈ ಮೂರು ಪ್ರಕಾಶನ ದೈತ್ಯರು ಒಂದು ಜೆರಾಕ್ಸ್ ಅಂಗಡಿಯ ಮೇಲೆ ಕೇಸು ಹಾಕಿದರು! ವಿದ್ಯಾರ್ಥಿಗಳು, ಅಧ್ಯಾಪಕರು ಅಂಗಡಿಯ ಪರ ಕೋರ್ಟಿಗೆ ಹೋದರು. 2016ರ ಸೆಪ್ಟೆಂಬರ್ 16ರಂದು ದೆಹಲಿ ಹೈಕೋರ್ಟು, ಪಾಠದ ಸಲುವಾಗಿ ಮಾಡಿದ ನಕಲು ಕಳವಲ್ಲ, 1957ರ ನಮ್ಮ ಕಾನೂನಿನಲ್ಲೇ ಅದಕ್ಕೆ ಜಾಗ ಇದೆ ಅಂತ ತೀರ್ಪು ಕೊಟ್ಟಿತು. ಮೇಲ್ಮನವಿಯೆಲ್ಲ ಆಗಿ 2017ರಲ್ಲಿ ಪ್ರಕಾಶಕರು ದಾವೆ ವಾಪಸು ತಗೊಂಡರು. ಜೆರಾಕ್ಸ್ ಹಾಳೆಯಲ್ಲಿ ಡಿಗ್ರಿ ಮುಗಿಸಿದ ನನಗೆ ಈ ತೀರ್ಪು ಯಾವ ಕಾವ್ಯಕ್ಕೂ ಕಡಿಮೆಯಲ್ಲ. ನಾನು ಓದಿದ ಕಾಲೇಜಿನಲ್ಲಿ ಪಠ್ಯಪುಸ್ತಕದ ಒಂದೇ ಪ್ರತಿ ಇತ್ತು, ಅದೂ ಗಾಜಿನ ಬೀರುವಿನಲ್ಲಿ. ಬೀಗದ ಕೈ ಇದ್ದವರು ಊಟಕ್ಕೆ ಹೋಗಿರುತ್ತಿದ್ದರು.

ಆದರೆ ಅದೇ ದೆಹಲಿ ಹೈಕೋರ್ಟಿಗೆ 2020ರ ಡಿಸೆಂಬರಿನಲ್ಲಿ ಸೈ-ಹಬ್ ವಿರುದ್ಧ ದೂರು ಬಂತು, 2025ರ ಆಗಸ್ಟಿನಲ್ಲಿ ಅದನ್ನು ದೇಶದಲ್ಲಿ ತಡೆಯಬೇಕು ಅಂತ ಆದೇಶವಾಯಿತು. ಇದರ ನಡುವೆ 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 'ಒಂದು ದೇಶ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಹುಡುಗಿಗೆ ಇದರಿಂದ ಅನುಕೂಲ ಇದೆ, ಅದನ್ನು ಅಲ್ಲಗಳೆಯಬಾರದು. ಆದರೆ ಡಿಗ್ರಿ ಮುಗಿಸಿ ಊರಿಗೆ ಬಂದ ದಿನವೇ ಅವಳು ಮತ್ತೆ ಹೊರಗಿನವಳು. ಬೀಗ ಒಡೆದಿಲ್ಲ, ನಮ್ಮದೇ ದುಡ್ಡಿನಿಂದ ಬೀಗದ ಕೈ ಬಾಡಿಗೆಗೆ ತಂದಿದ್ದಾರೆ.

ಬಾಬಾಸಾಹೇಬರ ಬರಹಗಳ ಕಥೆ ನೋಡಿ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಕರೆದು ಆಮೇಲೆ ಬೇಡ ಅಂದ ಭಾಷಣವನ್ನು ಅವರು ತಮ್ಮ ಖರ್ಚಿನಲ್ಲೇ 1,500 ಪ್ರತಿ ಅಚ್ಚು ಹಾಕಿಸಿದರು. ಎರಡು ತಿಂಗಳಲ್ಲಿ ಖಾಲಿ. ಅದೇ 'ಜಾತಿ ವಿನಾಶ'. ಸಭೆ ಬಾಗಿಲು ಹಾಕಿದರೆ ಅಚ್ಚುಮೊಳೆ ಬಾಗಿಲು ತೆರೆಯುತ್ತೆ ಅಂತ ಅವರಿಗೆ ಗೊತ್ತಿತ್ತು. ನಮ್ಮ ಕಾನೂನಿನ ಪ್ರಕಾರ ಲೇಖಕ ತೀರಿಕೊಂಡ 60 ವರ್ಷದವರೆಗೆ ಕಾಪಿರೈಟು. ಅಂಬೇಡ್ಕರ್ ತೀರಿಕೊಂಡದ್ದು 1956ರಲ್ಲಿ. ಅಂದರೆ ಅವರು ಬದುಕಿದ್ದಾಗ ಅಚ್ಚಾದ ಪುಸ್ತಕಗಳು 2017ರ ಜನವರಿ 1ರಿಂದ ಎಲ್ಲರವು. ಆದರೆ ಅವರು ಹೋದ ಮೇಲೆ ಅಚ್ಚಾದ ಬರಹಕ್ಕೆ ಲೆಕ್ಕ ಬೇರೆ, ಅಚ್ಚಾದ ವರ್ಷದಿಂದ 60. 'ರಿಡಲ್ಸ್ ಇನ್ ಹಿಂದೂಯಿಸಂ' ಮೊದಲು ಅಚ್ಚಾದದ್ದು 1987ರಲ್ಲಿ. ಅದು ಬಿಡುಗಡೆ ಆಗುವುದು 2047 ಮುಗಿದ ಮೇಲೆ. ಬರೆದವರು ತೀರಿಕೊಂಡು 91 ವರ್ಷ! ಕನ್ನಡ ಅನುವಾದಗಳ ಹಕ್ಕು ಮತ್ತೆ ಬೇರೆಯೇ. ಇಂಗ್ಲಿಷ್ ಗೊತ್ತಿರುವವನಿಗೆ ಬಾಗಿಲು ತೆರೆದಿದೆ, ಕನ್ನಡ ಮಾತ್ರ ಗೊತ್ತಿರುವವನು ಇನ್ನೂ ಹೊರಗೇ ಕಾಯಬೇಕು. ಈ ಲೆಕ್ಕವನ್ನು ನಮ್ಮ ಸಂಘಟನೆಗಳು ಗಂಭೀರವಾಗಿ ತಗೊಳ್ಳಬೇಕು.

ಇನ್ನು ದೊಡ್ಡವರ ಕಳವು. ಕೃತಕ ಬುದ್ಧಿಮತ್ತೆಯ ಕಂಪನಿಗಳು ತಮ್ಮ ಯಂತ್ರಗಳಿಗೆ ಕಲಿಸೋಕೆ ಪುಸ್ತಕ ಬೇಕು ಅಂತ ಕಳ್ಳ ಗ್ರಂಥಾಲಯಗಳಿಂದ ಲಕ್ಷಗಟ್ಟಲೆ ಪುಸ್ತಕ ಇಳಿಸಿಕೊಂಡದ್ದು ಅಮೆರಿಕದ ಕೋರ್ಟುಗಳಲ್ಲಿ ಬಯಲಾಯಿತು. ಆಂತ್ರೊಪಿಕ್ ಅನ್ನುವ ಕಂಪನಿ 2025ರಲ್ಲಿ ಲೇಖಕರಿಗೆ 150 ಕೋಟಿ ಡಾಲರ್ ಕೊಡುವ ರಾಜಿಗೆ ಬಂತು. ಅವೆಲ್ಲ ಹಣದ ದಾವೆಗಳು. ಯಾರ ಕೈಗೂ ಕೋಳ ಬೀಳಲಿಲ್ಲ, ಯಾರ ಕೋಣೆಯಲ್ಲೂ ಕ್ಯಾಮೆರಾ ಇಡಲಿಲ್ಲ. ಒಬ್ಬನೇ ಮಾಡಿದರೆ ಅಪರಾಧ, ಬಂಡವಾಳ ಮಾಡಿದರೆ ವ್ಯವಹಾರ. ಆರನ್ ಚಿತ್ರವನ್ನು ಇವತ್ತು ನೋಡುವವನಿಗೆ ಹೊಟ್ಟೆ ಉರಿಯುವುದು ಇಲ್ಲಿ.

6

ಹಾಗಾದರೆ ಕಾಪಿರೈಟೇ ಬೇಡವೆ? ಗೆಳೆಯರು ಕೇಳುತ್ತಾರೆ. ಅವಸರದ ಉತ್ತರ ಬೇಡ.

ನಮ್ಮ ಕೇರಿಗಳ ಹಾಡು ಕ್ಯಾಸೆಟ್ಟಿಗೆ ಹೋದದ್ದು ನಮಗೆ ಗೊತ್ತು. ಹಾಡಿದ ಅವ್ವಂದಿರ ಹೆಸರು ಎಲ್ಲೂ ಇಲ್ಲ, 'ಸಾಹಿತ್ಯ, ಸಂಗೀತ' ಅಂತ ಇನ್ಯಾರದೋ ಹೆಸರು. ಬಡ ಕವಿಯ ಪದ್ಯ ಹೇಳದೆ ಕೇಳದೆ ಪುಸ್ತಕಕ್ಕೆ ಸೇರುತ್ತೆ, ಸಂಭಾವನೆ ಕೇಳಿದರೆ ಅಹಂಕಾರ ಅಂತಾರೆ. ಇಂಥವರಿಗೆ ಹಕ್ಕು ಬೇಕು. 2012ರಲ್ಲಿ ನಮ್ಮ ಕಾನೂನಿಗೆ ತಿದ್ದುಪಡಿ ತಂದು, ಸಿನಿಮಾಕ್ಕೆ ಹಾಡು ಬರೆದವರ ರಾಯಲ್ಟಿಯನ್ನು ನಿರ್ಮಾಪಕ ಬರೆಸಿಕೊಳ್ಳಲು ಆಗದ ಹಾಗೆ ಮಾಡಿದ್ದು ಒಳ್ಳೆಯ ಕೆಲಸ.

ಆದ್ದರಿಂದ ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರಿಟ್ಟು ನಮ್ಮನ್ನು ಗೊಂದಲಕ್ಕೆ ಕೆಡವಿದ್ದಾರೆ. ಒಂದು, ದುಡಿದವನ ಕೂಲಿ. ಇನ್ನೊಂದು, ದುಡಿಯದವನ ಬೇಲಿ. ಕೂಲಿಯನ್ನು ನಾವು ಕೇಳಿ ತಗೋಬೇಕು, ಬೇಲಿಯನ್ನು ಕಿತ್ತು ಹಾಕಬೇಕು. ಜೆಸ್ಟೋರ್ ಬೀಗ ಯಾವ ಲೇಖಕನ ಒಲೆಯನ್ನೂ ಉರಿಸುತ್ತಿರಲಿಲ್ಲ. ಅದಕ್ಕೇ ಆರನ್ ಮಾಡಿದ್ದು ನನ್ನ ಕಣ್ಣಿಗೆ ಕಳವಲ್ಲ.

7

ಈಗ ಈ ಚಿತ್ರದ ಬಹಳ ದೊಡ್ಡ ಗುಣಕ್ಕೆ ಬರುತ್ತೇನೆ. ಅದು ಚಿತ್ರದ ಒಳಗಿಲ್ಲ, ಚಿತ್ರವನ್ನು ಬಿಟ್ಟ ರೀತಿಯಲ್ಲಿದೆ. ನಿರ್ದೇಶಕ ಇದನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಆ ಪರವಾನಗಿ ಏರ್ಪಾಡನ್ನು ಶುರು ಮಾಡಿದ ಲಾರೆನ್ಸ್ ಲೆಸಿಗ್ ಜೊತೆ ಹುಡುಗ ಆರನ್ ಕೂಡ ಕೆಲಸ ಮಾಡಿದ್ದ. ಷರತ್ತು ಮೂರೇ: ಮಾಡಿದವರ ಹೆಸರು ಹೇಳಿ, ವ್ಯಾಪಾರ ಮಾಡಬೇಡಿ, ನೀವು ಏನಾದರೂ ಸೇರಿಸಿ ಬದಲಾಯಿಸಿದರೆ ಅದನ್ನೂ ಹೀಗೇ ಹಂಚಿ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪೂರ್ತಿ ಚಿತ್ರ ಬಿಟ್ಟಿ ಸಿಗುತ್ತದೆ. 1975ರ 'ಚೋಮನ ದುಡಿ'ಯನ್ನು ಊರ ಬಯಲಲ್ಲಿ ಪರದೆ ಕಟ್ಟಿ ತೋರಿಸಬೇಕಾದರೆ 2035 ಮುಗಿಯುವ ತನಕ ಹಕ್ಕುದಾರರ ಅಪ್ಪಣೆ ಬೇಕು. ಈ ಚಿತ್ರಕ್ಕೆ ಯಾರ ಅಪ್ಪಣೆಯೂ ಬೇಡ.

ಇದರಿಂದ ನಾವು ಕಲಿಯಬೇಕಾದ್ದು ಒಂದಿದೆ. ನಮ್ಮ ಬೀಗಗಳನ್ನು ನಾವೇ ಹಾಕಿಕೊಂಡಿದ್ದೇವೆ. ನಮ್ಮ ಸಣ್ಣ ಪತ್ರಿಕೆಗಳು ಡಿ.ಟಿ.ಪಿ.ಗೆ ಬಂದಾಗಿನಿಂದ ಹಳೆಯ ಅಕ್ಷರಗಳಲ್ಲಿ ಜೋಡಣೆ ಆದವು. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಅಕ್ಷರಗಳು ಅವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪದ್ಯ ಹೋಗಿ ಕಸ ಕಾಣುತ್ತೆ. ಹುಡುಕಿದರೆ ಸಿಗುವುದಿಲ್ಲ. ಅದರ ಮೇಲೆ ಡಿ.ಟಿ.ಪಿ. ಅಂಗಡಿಗಳ ಕದ್ದ ಪೇಜ್‌ಮೇಕರ್. ಕದ್ದರೂ ನಷ್ಟ ಕಂಪನಿಗಲ್ಲ, ನಮಗೆ. ಚಟ ಹತ್ತಿಸಿಕೊಂಡವರು ನಾವು, ಆ ಸಾಫ್ಟ್‌ವೇರ್ ಸತ್ತ ದಿನ ನಮ್ಮ ಸಂಚಿಕೆಗಳೂ ಸಾಯುತ್ತವೆ.

ಆರನ್ 2004ರಲ್ಲಿ ಜಾನ್ ಗ್ರೂಬರ್ ಅನ್ನುವವರ ಜೊತೆ ಸೇರಿ ರೂಪಿಸಿದ 'ಮಾರ್ಕ್‌ಡೌನ್' ಅನ್ನುವ ಬರೆಯುವ ಕ್ರಮ ಇದೆ. ಬರೀ ಅಕ್ಷರ, ನಕ್ಷತ್ರ, ಗೆರೆ, ಅಷ್ಟೆ. ಯಾವ ಯಂತ್ರದಲ್ಲೂ ತೆರೆಯುತ್ತೆ, ಯಾವ ಕಂಪನಿಯ ಹಂಗೂ ಇಲ್ಲ. ಯೂನಿಕೋಡ್ ಕನ್ನಡದಲ್ಲಿ ಬೆರಳಚ್ಚು ಮಾಡಿ ಸಾದಾ ಕಡತವಾಗಿ ಇಟ್ಟರೆ ನಮ್ಮ ಬರಹ ಐವತ್ತು ವರ್ಷ ಆದಮೇಲೂ ಓದೋಕೆ ಬರುತ್ತೆ. ಲೋಹಿತ್, ನೋಟೊದಂಥ ಮುಕ್ತ ಅಕ್ಷರಗಳಿವೆ, ಲಿಬ್ರೆಆಫೀಸ್ ಇದೆ. ಇವು ಬಿಟ್ಟಿ ಅಂತ ಹೇಳುತ್ತಿಲ್ಲ, ಇವು ನಮ್ಮವು ಅಂತ ಹೇಳುತ್ತಿದ್ದೇನೆ. ಸಾಫ್ಟ್‌ವೇರ್ ಆರಿಸಿಕೊಳ್ಳುವುದು ತಾಂತ್ರಿಕದವರ ಚಿಂತೆ ಅಂತ ಕೈತೊಳೆದುಕೊಳ್ಳುವ ಸಂಪಾದಕ ನಾಳೆಯ ಓದುಗನಿಗೆ ಬಾಗಿಲು ಹಾಕುತ್ತಿದ್ದಾನೆ.

ಹಳೆಯ ಸಂಚಿಕೆಗಳ ಕೆಲಸವೂ ಇದೆ. ಚಿತ್ರದಲ್ಲಿ ಬಂದು ಮಾತಾಡುವ ಅದೇ ಕಾರ್ಲ್ ಮಾಲಮುಡ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯವರ ಜೊತೆ ಸೇರಿ ಪುಸ್ತಕ ಸ್ಕ್ಯಾನ್ ಮಾಡುವ ಕೆಲಸಕ್ಕೆ ಇಳಿದರು. ಇಂಟರ್‌ನೆಟ್ ಆರ್ಕೈವ್‌ನ 'ಸರ್ವೆಂಟ್ಸ್ ಆಫ್ ನಾಲೆಜ್' ಸಂಗ್ರಹದಲ್ಲಿ ಸಾವಿರಾರು ಕನ್ನಡ ಪುಸ್ತಕಗಳಿವೆ. ಚಳವಳಿಯ ಹಳೆಯ ಪತ್ರಿಕೆಗಳನ್ನು ಅಟ್ಟದ ಮೇಲೆ ಇಟ್ಟುಕೊಂಡಿರುವ ಹಿರಿಯರು ಗೆದ್ದಲಿಗೆ ಕೊಡುವ ಬದಲು ಇಂಥ ಕಡೆ ಕೊಡಲಿ.

ಕೊನೆಯದಾಗಿ ಒಂದು ಕೆಲಸ. ಈ ಚಿತ್ರದ ಇಂಗ್ಲಿಷ್ ಮಾತು ವೇಗದ್ದು, ನಮ್ಮ ಹಾಸ್ಟೆಲ್ ಹುಡುಗರಿಗೆ ಹಿಡಿಯುವುದಿಲ್ಲ. ಅಡಿಬರಹದ ಕಡತ ಅಂದರೆ ಬರೀ ಒಂದು ಅಂಕಿ, ಒಂದು ಸಮಯ, ಒಂದು ಸಾಲು. ಸಾದಾ ನೋಟ್‌ಪ್ಯಾಡಿನಲ್ಲಿ, ಮೊಬೈಲಿನಲ್ಲಿ ಬರೆಯಬಹುದು. ಅದನ್ನು ಮಾಡೋಕೆ ನಮಗೆ ಹಕ್ಕಿದೆ, ಚಿತ್ರ ಮಾಡಿದವರೇ ಕೊಟ್ಟಿದ್ದಾರೆ. ಆಮೇಲೆ ಹಾಸ್ಟೆಲ್ಲಿನಲ್ಲಿ, ಸಮುದಾಯ ಭವನದಲ್ಲಿ, ಬಿಳಿ ಪಂಚೆ ಕಟ್ಟಿ ತೋರಿಸಬಹುದು. ತೋರಿಸಿದ ಮೇಲೆ ಜಗಳ ಆಡಬಹುದು, ಪ್ರತಿಭೆಯ ಮಾತಿಗೆ ಮರುಳಾಗದೆ ಬೀಗದ ಮಾತು ಆಡಬಹುದು.

ಮೊದಲ ಹತ್ತು ನಿಮಿಷದ ಸಾಲುಗಳನ್ನು ನಾನು ಕನ್ನಡಕ್ಕೆ ತಂದಿಟ್ಟಿದ್ದೇನೆ. ಇನ್ನು 95 ನಿಮಿಷ ಬಾಕಿ ಇದೆ. ಕೈಜೋಡಿಸುವವರು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ.